ಊರಿಗೆ ಮರಳದ ಬ್ರೌನ್, ಅಳಿಯದೆ ಉಳಿದ ಗೆರೆ

ಪರೇಲ್‌ನಲ್ಲಿ ನಮ್ಮ ಕಡೆಯ ಕನ್ನಡ ಕಿವಿಗೆ ಬೀಳುವುದು ಆಫೀಸುಗಳಲ್ಲಿ ಅಲ್ಲ, ಆಸ್ಪತ್ರೆಗಳ ಸುತ್ತಮುತ್ತ. ಹಳೆಯ ಬಟ್ಟೆ ಮಿಲ್ಲುಗಳಿದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡಗಳಲ್ಲಿ ನಮ್ಮಂಥವರು ಇಂಗ್ಲಿಷು, ಹಿಂದಿಯಲ್ಲೇ ದಿನ ಕಳೆಯುತ್ತೇವೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಕಲಬುರಗಿ, ರಾಯಚೂರು, ವಿಜಯಪುರ, ಬೆಳಗಾವಿ ಕಡೆಯಿಂದ ಚಿಕಿತ್ಸೆಗೆ ಬಂದವರು ಚಹಾದಂಗಡಿಯ ಮುಂದೆ ಫೈಲು ಹಿಡಿದುಕೊಂಡು ನಿಂತಿರುತ್ತಾರೆ. ಕಳೆದ ವರ್ಷ ನಮ್ಮ ಕಾಕಾ ಕೂಡ ಹಾಗೆಯೇ ಬಂದು, ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಸಂಜೆ ಕೆಲಸ ಮುಗಿಸಿ ನಾನು ಅವರ ಹತ್ತಿರ ಹೋಗಿ ಕೂರುತ್ತಿದ್ದೆ.

ಅವರ ಮಂಚದ ಪಕ್ಕದ ಮಾನಿಟರಿನಲ್ಲಿ ಹೃದಯದ ಬಡಿತದ ಹಸಿರು ಗೆರೆ ಎಡದಿಂದ ಬಲಕ್ಕೆ ಓಡುತ್ತಿತ್ತು. ಕೊನೆ ಮುಟ್ಟಿದ ಮೇಲೆ ಮತ್ತೆ ಎಡದಿಂದ ಶುರು. ಕಾಕಾ ಅದನ್ನು ಬಹಳ ಹೊತ್ತು ನೋಡಿ ಒಂದು ದಿನ ಕೇಳಿದರು, ಇದು ಬರೆದದ್ದನ್ನೆಲ್ಲ ತಾನೇ ಅಳಿಸುತ್ತಾ ಹೋಗುತ್ತದಲ್ಲ, ಬರೆದದ್ದನ್ನು ಇಟ್ಟುಕೊಳ್ಳುವ ಪರದೆಯನ್ನು ಯಾರೂ ಮಾಡಲಿಲ್ಲವೇ ಎಂದು. ಎಂ.ಟೆಕ್ ಮುಗಿಸಿ ಹತ್ತು ವರ್ಷ ಪರದೆಯ ಮುಂದೆಯೇ ಕೂತಿರುವ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಅಂಥ ಪರದೆ ಇತ್ತು. ಬೆಳಕಿನಿಂದ ಬರೆಯುವ ಬದಲು, ಬಣ್ಣ ಬದಲಿಸುವ ಉಪ್ಪಿನ ಮೇಲೆ ಕಪ್ಪು ಗೆರೆ ಎಳೆದು ಅದನ್ನು ಹಾಗೇ ಉಳಿಸಿಕೊಳ್ಳುವ ಟ್ಯೂಬು. ಅದರ ಜಾಡು ಹಿಡಿದು ಹಿಂದಕ್ಕೆ ಹೋದರೆ ಸಿಗುವವರು ಕಾರ್ಲ್ ಫರ್ಡಿನಾಂಡ್ ಬ್ರೌನ್. ಮನೆಮನೆಯ ಟಿವಿಗೆ ಮೂಲವಾದ ಟ್ಯೂಬನ್ನು ಮಾಡಿದವರು. ನೊಬೆಲ್ ಪಡೆದವರು. ಕೋರ್ಟಿನ ಕೆಲಸಕ್ಕೆಂದು ದೂರದ ಊರಿಗೆ ಹೋಗಿ, ಮರಳಿ ಬರಲಾಗದೆ ಅಲ್ಲೇ ತೀರಿಕೊಂಡವರು. ಊರು ಬಿಟ್ಟು ಬಂದಿರುವ ನಾವು ಈ ಬದುಕನ್ನು ಒಮ್ಮೆ ತಿಳಿದುಕೊಳ್ಳಬೇಕು ಅನ್ನಿಸಿತು.

ಬ್ರೌನ್ ಹುಟ್ಟಿದ್ದು 1850ರ ಜೂನ್ 6ರಂದು, ಜರ್ಮನಿಯ ಫುಲ್ಡಾ ಎಂಬ ಪಟ್ಟಣದಲ್ಲಿ. ತಂದೆ ನ್ಯಾಯಾಲಯದಲ್ಲಿ ಗುಮಾಸ್ತರು. ದೊಡ್ಡ ಆಸ್ತಿಯಿಲ್ಲದ, ಓದಿಗೆ ಬೆಲೆ ಕೊಡುವ ಮನೆ. ಊರಿನಲ್ಲೇ ಶಾಲೆ ಮುಗಿಸಿ ಮಾರ್ಬುರ್ಗ್‌ನಲ್ಲಿ, ಆಮೇಲೆ ಬರ್ಲಿನ್‌ನಲ್ಲಿ ಓದಿದರು. ತಂತಿಗಳ ಕಂಪನದ ಬಗ್ಗೆ ಪ್ರಬಂಧ ಬರೆದು 1872ರಲ್ಲಿ ಡಾಕ್ಟರೇಟ್ ಪಡೆದರು. ನಂತರ ವುರ್ಟ್ಸ್‌ಬುರ್ಗ್‌ನಲ್ಲಿ ಕ್ವಿಂಕೆ ಎಂಬ ಪ್ರಾಧ್ಯಾಪಕರ ಸಹಾಯಕರಾದರು.

ಸಹಾಯಕನ ಸಂಬಳದಲ್ಲಿ ಬದುಕು ಸಾಗುವುದು ಅಂದೂ ಕಷ್ಟವೇ. 1874ರಲ್ಲಿ ಅವರು ಲೈಪ್‌ಜಿಗ್‌ನ ಸೇಂಟ್ ಥಾಮಸ್ ಶಾಲೆಯಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದರು. ಹುಡುಗರಿಗೆ ಗಣಿತ, ವಿಜ್ಞಾನದ ರುಚಿ ಹತ್ತಿಸಲು ಒಂದು ಪುಸ್ತಕವನ್ನೂ ಬರೆದರು. ಅದೇ 1874ರಲ್ಲಿ ಅವರು ಪ್ರಕಟಿಸಿದ ಒಂದು ಶೋಧ ಇಂದಿನ ನಮ್ಮ ಉದ್ಯೋಗದ ಬೇರುಗಳಲ್ಲಿ ಒಂದು. ಗಂಧಕ ಸೇರಿದ ಕೆಲವು ಲೋಹದ ಅದಿರುಗಳ ಹರಳಿಗೆ ಚೂಪಾದ ಲೋಹದ ತಂತಿ ತಾಗಿಸಿ ಕರೆಂಟು ಹರಿಸಿದರೆ, ಅದು ಒಂದು ದಿಕ್ಕಿಗೆ ಸಲೀಸಾಗಿ ಹೋಗುತ್ತದೆ, ತಿರುಗಿ ಬರಲು ಒಲ್ಲೆ ಎನ್ನುತ್ತದೆ. ಓಮ್‌ನ ನಿಯಮಕ್ಕೆ ಒಗ್ಗದ ಈ ವರ್ತನೆಯನ್ನು ಆಗ ಬಹಳ ಜನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮುಂದೆ ಕೋಲ್ಕತ್ತಾದ ಜಗದೀಶಚಂದ್ರ ಬೋಸರು ಗಲೇನಾ ಹರಳನ್ನು ವಿದ್ಯುತ್ ಅಲೆಗಳನ್ನು ಹಿಡಿಯಲು ಬಳಸಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಹರಳಿನ ರೇಡಿಯೋ ಬಂದದ್ದು, ಡಯೋಡ್ ಬಂದದ್ದು ಇದೇ ದಾರಿಯಲ್ಲಿ.

ಶಾಲೆಯಲ್ಲಿ ಎರಡು ವರ್ಷ ಕಳೆದ ಮೇಲೆ ಬ್ರೌನ್‌ಗೆ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಮಾರ್ಬುರ್ಗ್, 1880ರಲ್ಲಿ ಸ್ಟ್ರಾಸ್‌ಬುರ್ಗ್, 1883ರಲ್ಲಿ ಕಾರ್ಲ್ಸ್‌ರೂ, 1885ರಲ್ಲಿ ಟ್ಯೂಬಿಂಗನ್. ಟ್ರಾನ್ಸ್‌ಫರ್ ಆಗುತ್ತಾ ಊರೂರು ಸುತ್ತುವ ಸರ್ಕಾರಿ ನೌಕರನ ಹಾಗೆ. ಟ್ಯೂಬಿಂಗನ್‌ನಲ್ಲಿ ಹೊಸ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿಸುವ ಹೊಣೆಯೂ ಅವರದಾಯಿತು. 1885ರಲ್ಲಿ ಅಮೇಲಿ ಬ್ಯೂಲರ್ ಅವರನ್ನು ಮದುವೆಯಾದರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 1895ರಲ್ಲಿ ಸ್ಟ್ರಾಸ್‌ಬುರ್ಗ್‌ನ ಭೌತವಿಜ್ಞಾನ ಸಂಸ್ಥೆಯ ಮುಖ್ಯಸ್ಥರಾಗಿ ಅಲ್ಲಿಗೆ ಮರಳಿದರು. ಅಲೆದಾಟ ಅಲ್ಲಿಗೆ ನಿಂತಿತು. ಲೈಪ್‌ಜಿಗ್ ವಿಶ್ವವಿದ್ಯಾಲಯ ಕರೆದರೂ ಆ ಊರು ಬಿಟ್ಟು ಹೋಗಲಿಲ್ಲ.

ಆ ಹೊತ್ತಿಗೆ ಯುರೋಪಿನ ನಗರಗಳಿಗೆ ಎಸಿ ಕರೆಂಟು ಬರತೊಡಗಿತ್ತು. ಸೆಕೆಂಡಿಗೆ ಹತ್ತಾರು ಸಲ ಹಿಂದೆ ಮುಂದೆ ಹೋಗುವ ಈ ಕರೆಂಟು ನಿಜಕ್ಕೂ ಹೇಗೆ ಏರಿಳಿಯುತ್ತದೆ ಎಂದು ಕಣ್ಣಾರೆ ನೋಡಲು ಒಳ್ಳೆಯ ಉಪಾಯ ಇರಲಿಲ್ಲ. ಮುಳ್ಳು ಇರುವ ಮೀಟರಿಗೆ ಅಷ್ಟು ವೇಗ ಇಲ್ಲ. ತೂಕವೇ ಇಲ್ಲದ ಮುಳ್ಳು ಬೇಕಿತ್ತು.

ಅಂಥ ಮುಳ್ಳು ಬ್ರೌನ್‌ಗೆ ಸಿಕ್ಕಿದ್ದು ಕ್ಯಾಥೋಡ್ ಕಿರಣಗಳಲ್ಲಿ. ಗಾಳಿ ತೆಗೆದ ಗಾಜಿನ ಟ್ಯೂಬಿನಲ್ಲಿ ಋಣ ತುದಿಯಿಂದ ಹೊರಡುವ ಈ ಕಿರಣಗಳು ಅಯಸ್ಕಾಂತ ಹತ್ತಿರ ಬಂದರೆ ಬಾಗುತ್ತವೆ ಎಂಬುದು ತಿಳಿದಿತ್ತು. ಬ್ರೌನ್ ಆ ಕಿರಣಗಳನ್ನು ಸಣ್ಣ ರಂಧ್ರದ ಮೂಲಕ ಹಾಯಿಸಿ ಒಂದೇ ಎಳೆಯಾಗಿಸಿದರು. ಆ ಎಳೆ ಹೋಗಿ ಬಡಿಯುವ ಕಡೆ, ಹೊಳೆಯುವ ಪದಾರ್ಥ ಬಳಿದ ಅಭ್ರಕದ ಪರದೆ ಇಟ್ಟರು. ಟ್ಯೂಬಿನ ಕುತ್ತಿಗೆಯ ಪಕ್ಕ ತಂತಿಯ ಸುರುಳಿ ಇಟ್ಟು, ಅದರಲ್ಲಿ ತಾವು ನೋಡಬೇಕಾದ ಕರೆಂಟು ಹರಿಸಿದರು. ಕರೆಂಟು ಏರಿದಂತೆ, ಇಳಿದಂತೆ ಪರದೆಯ ಮೇಲಿನ ಬೆಳಕಿನ ಚುಕ್ಕೆಯೂ ಕುಣಿಯಿತು. ತಿರುಗುವ ಕನ್ನಡಿಯಲ್ಲಿ ಅದನ್ನು ನೋಡಿದಾಗ ಚುಕ್ಕೆ ಅಲೆಯಾಗಿ ಹರಡಿಕೊಂಡಿತು. ಬಾನ್ ಊರಿನ ಗಾಜಿನ ಕುಶಲಕರ್ಮಿ ಫ್ರಾಂಟ್ಸ್ ಮ್ಯೂಲರ್ ಈ ಟ್ಯೂಬನ್ನು ಮಾಡಿಕೊಟ್ಟಿದ್ದರು.

ಬ್ರೌನ್ ಇದರ ವಿವರ ಪ್ರಕಟಿಸಿದ್ದು 1897ರ ಫೆಬ್ರವರಿಯಲ್ಲಿ. ಇಂಗ್ಲೆಂಡಿನಲ್ಲಿ ಜೆ.ಜೆ. ಥಾಮ್ಸನ್ ಈ ಕಿರಣಗಳು ಅಣುವಿಗಿಂತ ಚಿಕ್ಕ ಕಣಗಳು ಎಂದು ಸಾರಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಅಂದರೆ ಎಲೆಕ್ಟ್ರಾನ್ ಎಂದರೇನು ಎಂದು ಜಗತ್ತಿಗೆ ಗೊತ್ತಾಗುವ ಮೊದಲೇ ಬ್ರೌನ್ ಅದರ ಕೈಲಿ ಚಿತ್ರ ಬರೆಸಿದ್ದರು. ಎರಡು ವರ್ಷ ಕಳೆದ ಮೇಲೆ ಅವರ ಸಹಾಯಕ ಯೊನಾಥನ್ ತ್ಸೆನೆಕ್ ಚುಕ್ಕೆಯನ್ನು ಅಡ್ಡಕ್ಕೂ ಒಂದೇ ವೇಗದಲ್ಲಿ ಓಡಿಸುವ ಏರ್ಪಾಡು ಸೇರಿಸಿದರು. ಕನ್ನಡಿ ಬೇಕಾಗದೆ, ಅಲೆ ನೇರವಾಗಿ ಪರದೆಯ ಮೇಲೆ ಮೂಡಿತು. ಕಾಕಾರ ಮಂಚದ ಪಕ್ಕದ ಮಾನಿಟರಿನಲ್ಲಿ ಈಗ ಟ್ಯೂಬು ಇಲ್ಲ. ಆದರೂ ಗೆರೆ ಎಡದಿಂದ ಬಲಕ್ಕೆ ಓಡಿ ಮತ್ತೆ ಎಡಕ್ಕೆ ಬರುವ ಕ್ರಮ ಅದೇ.

ಈ ಟ್ಯೂಬಿಗೆ ಬ್ರೌನ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಅದನ್ನು ಪ್ರಯೋಗಾಲಯದ ಒಂದು ಉಪಕರಣ ಎಂದು ಕಂಡು, ಹೇಗೆ ಮಾಡಬೇಕೆಂದು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. 1906ರಲ್ಲಿ ಅವರ ಶಿಷ್ಯ ಮಾಕ್ಸ್ ಡೀಕ್‌ಮನ್ ಮತ್ತು ಗುಸ್ಟಾವ್ ಗ್ಲಾಗೆ ಇದೇ ಟ್ಯೂಬಿನಲ್ಲಿ ಗೆರೆಯ ಚಿತ್ರಗಳನ್ನು ಮೂಡಿಸಿದರು. 1907ರಲ್ಲಿ ರಷ್ಯಾದ ಬೊರಿಸ್ ರೋಸಿಂಗ್ ಅದನ್ನು ದೂರದ ಚಿತ್ರ ನೋಡಲು ಬಳಸುವ ಯೋಜನೆ ಹಾಕಿದರು. ಅಲ್ಲಿಂದ ಟಿವಿಯ ಕತೆ ಶುರುವಾಗುತ್ತದೆ. ಜರ್ಮನ್ ಭಾಷೆಯಲ್ಲಿ, ಜಪಾನಿ ಭಾಷೆಯಲ್ಲಿ ಪಿಕ್ಚರ್ ಟ್ಯೂಬನ್ನು ಬ್ರೌನ್ ಟ್ಯೂಬ್ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮಲ್ಲಿ ಆ ಹೆಸರು ಬಳಕೆಗೆ ಬರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲಿ ಕಪ್ಪುಬಿಳುಪು ಟಿವಿಯ ಪಿಕ್ಚರ್ ಟ್ಯೂಬ್‌ಗಳು ತಯಾರಾದವು, ಊರೂರಿಗೆ ಹೋದವು. ಅದರ ಹಿಂದಿನ ಹೆಸರನ್ನು ಮಾತ್ರ ನಾವು ಶಾಲೆಯಲ್ಲಿ ಕೇಳಿದ ನೆನಪಿಲ್ಲ.

ಬ್ರೌನ್‌ಗೆ ಹೆಸರು ತಂದುಕೊಟ್ಟದ್ದು ಇನ್ನೊಂದು ಕೆಲಸ. ಮಾರ್ಕೋನಿ ತಂತಿಯಿಲ್ಲದ ಟೆಲಿಗ್ರಾಫಿನಿಂದ ಆಗಷ್ಟೇ ಸುದ್ದಿಯಾಗಿದ್ದರು. ಆದರೆ ಅವರ ಸಂದೇಶಗಳು ಬಹಳ ದೂರ ಹೋಗುತ್ತಿರಲಿಲ್ಲ. ಕಿಡಿ ಹಾರಿಸುವ ಜಾಗವನ್ನು ನೇರವಾಗಿ ಆಂಟೆನಾಕ್ಕೇ ಕೂಡಿಸಿದ್ದರಿಂದ ಶಕ್ತಿ ಬೇಗ ಸೋರಿಹೋಗುತ್ತಿತ್ತು. ಬ್ರೌನ್ 1898ರಲ್ಲಿ ಈ ಸಮಸ್ಯೆಗೆ ಕೈಹಾಕಿದರು. ಕಿಡಿಯನ್ನು ಆಂಟೆನಾದಿಂದ ಬೇರ್ಪಡಿಸಿ ಒಂದು ಮುಚ್ಚಿದ ಸುತ್ತಿನೊಳಗೆ ಇಟ್ಟು, ಅಲ್ಲಿಂದ ಸುರುಳಿಗಳ ಮೂಲಕ ಆಂಟೆನಾಕ್ಕೆ ಶಕ್ತಿ ದಾಟಿಸಿದರು. ಇದರಿಂದ ಶಕ್ತಿ ಹೆಚ್ಚಿಸಬಹುದಾಯಿತು. ಕಳಿಸುವವರನ್ನೂ ಪಡೆಯುವವರನ್ನೂ ಒಂದೇ ಶ್ರುತಿಗೆ ತರಬಹುದಾಯಿತು. 1900ರಲ್ಲಿ ಕುಕ್ಸ್‌ಹಾಫನ್ ಬಂದರಿಗೂ ಹೆಲ್ಗೊಲ್ಯಾಂಡ್ ದ್ವೀಪಕ್ಕೂ ನಡುವಿನ ಸುಮಾರು 60 ಕಿಲೋಮೀಟರ್ ಸಮುದ್ರದ ಮೇಲೆ ಅವರ ಪದ್ಧತಿಯ ಸಂದೇಶ ದಾಟಿತು. ಇದಕ್ಕೆ ಅವರು ಪೇಟೆಂಟ್ ತೆಗೆದುಕೊಂಡಿದ್ದರು. ಅವರ ಪದ್ಧತಿಯ ಕಂಪನಿಯೂ ಎದುರಾಳಿ ಕಂಪನಿಯೂ 1903ರಲ್ಲಿ ಒಂದುಗೂಡಿ ಟೆಲಿಫುಂಕನ್ ಹುಟ್ಟಿತು.

1909ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಮಾರ್ಕೋನಿ ಮತ್ತು ಬ್ರೌನ್ ಇಬ್ಬರಿಗೂ ಸೇರಿ ಬಂತು, ತಂತಿಯಿಲ್ಲದ ಟೆಲಿಗ್ರಾಫಿಗಾಗಿ. ಪ್ರಶಸ್ತಿಗೆ ಕಾರಣವಾಗಿ ಹೆಸರಿಸಿದ್ದು ಟ್ಯೂಬನ್ನು ಅಲ್ಲ, ಹರಳನ್ನೂ ಅಲ್ಲ.

ಈ ನಡುವೆ ಅವರ ಸ್ಟ್ರಾಸ್‌ಬುರ್ಗ್ ಪ್ರಯೋಗಾಲಯಕ್ಕೆ ದೂರದೂರದಿಂದ ಹುಡುಗರು ಬರುತ್ತಿದ್ದರು. ರಷ್ಯಾದಿಂದ ಬಂದ ಲಿಯೊನಿದ್ ಮಾಂಡೆಲ್‌ಶ್ಟಾಮ್ ಅವರಲ್ಲಿ ಒಬ್ಬರು. 1902ರಲ್ಲಿ ಬ್ರೌನ್ ಬಳಿಯೇ ಡಾಕ್ಟರೇಟ್ ಮುಗಿಸಿ, ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಮುಂದೆ 1928ರಲ್ಲಿ ಸಿ.ವಿ. ರಾಮನ್ ಕೋಲ್ಕತ್ತಾದಲ್ಲಿ ಬೆಳಕಿನ ಚದುರುವಿಕೆಯ ಪರಿಣಾಮ ಕಂಡುಹಿಡಿದಾಗ, ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಜೊತೆ ಅದನ್ನೇ ಸ್ವತಂತ್ರವಾಗಿ ಕಂಡವರು ಇದೇ ಮಾಂಡೆಲ್‌ಶ್ಟಾಮ್.

ಇಲ್ಲಿ ಕಾಕಾರ ಪ್ರಶ್ನೆಗೆ ಬರುತ್ತೇನೆ. ಬ್ರೌನ್ ಟ್ಯೂಬಿನ ಬೆಳಕಿಗೆ ಒಂದು ಕೊರತೆ ಇತ್ತು. ಕಿರಣ ಬಡಿದಾಗ ಪರದೆ ಹೊಳೆಯುತ್ತದೆ, ಕಿರಣ ಮುಂದೆ ಹೋದೊಡನೆ ಮಂಕಾಗುತ್ತದೆ. ಒಂದೇ ಅಲೆ ಮತ್ತೆ ಮತ್ತೆ ಬರುತ್ತಿದ್ದರೆ ಚಿಂತೆಯಿಲ್ಲ, ಕಣ್ಣಿಗೆ ನಿಂತ ಹಾಗೆ ಕಾಣುತ್ತದೆ. ಒಮ್ಮೆ ಮಾತ್ರ ಆಗಿ ಮುಗಿಯುವ ಘಟನೆಯಾದರೆ ಕಣ್ಣು ಮಿಟುಕಿಸುವುದರೊಳಗೆ ಮಾಯ. ಟಿವಿಯೂ ಇದೇ ಕಾರಣಕ್ಕೆ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಸಲ ಮತ್ತೆ ಮತ್ತೆ ಬರೆಯುತ್ತದೆ. ಪರದೆಗೆ ನೆನಪಿಲ್ಲ.

ವಿಚಿತ್ರವೆಂದರೆ, ನೆನಪಿರುವ ಪದಾರ್ಥ ಆಗಲೇ ಕಣ್ಣಿಗೆ ಬಿದ್ದಿತ್ತು. ಕ್ಯಾಥೋಡ್ ಕಿರಣಗಳಿಗೆ ಆ ಹೆಸರಿಟ್ಟ ಬರ್ಲಿನ್‌ನ ಓಯ್ಗೆನ್ ಗೋಲ್ಡ್‌ಸ್ಟೈನ್ 1890ರ ದಶಕದಲ್ಲೇ ಒಂದು ಸಂಗತಿ ಗಮನಿಸಿದ್ದರು. ಬಿಳಿಯ ಉಪ್ಪುಗಳ ಮೇಲೆ ಈ ಕಿರಣ ಬಿದ್ದರೆ ಅವು ಬಣ್ಣ ತಾಳುತ್ತವೆ. ನಾವು ಊಟಕ್ಕೆ ಬಳಸುವ ಸೋಡಿಯಂ ಕ್ಲೋರೈಡ್ ಹಳದಿ ಕಂದಾಗುತ್ತದೆ. ಅದರ ದಾಯಾದಿ ಪೊಟ್ಯಾಸಿಯಂ ಕ್ಲೋರೈಡ್ ನೇರಳೆಯಾಗುತ್ತದೆ. ಕಿರಣ ನಿಂತ ಮೇಲೂ ಬಣ್ಣ ಉಳಿಯುತ್ತದೆ. ಒಂದೇ ದೇಶ, ಒಂದೇ ದಶಕ. ಒಬ್ಬರ ಬಳಿ ಬರೆಯುವ ಲೇಖನಿ, ಇನ್ನೊಬ್ಬರ ಬಳಿ ಮಸಿ ಹೀರುವ ಕಾಗದ. ಎರಡೂ ಸೇರಲು ಸುಮಾರು ನಾಲ್ಕು ದಶಕ ಬೇಕಾಯಿತು.

ಬಣ್ಣ ಏಕೆ ಬರುತ್ತದೆ ಎಂದು ಬಿಡಿಸಿದ್ದು ಗ್ಯೋಟಿಂಗನ್‌ನ ರಾಬರ್ಟ್ ಪೋಲ್ ಮತ್ತು ಅವರ ಶಿಷ್ಯರು, 1920 ಮತ್ತು 30ರ ದಶಕಗಳಲ್ಲಿ. ಉಪ್ಪಿನ ಹರಳಿನೊಳಗೆ ಪೊಟ್ಯಾಸಿಯಂ ಮತ್ತು ಕ್ಲೋರಿನ್ ಅಯಾನುಗಳು ಚದುರಂಗದ ಮಣೆಯ ಕಪ್ಪುಬಿಳಿ ಚೌಕಗಳ ಹಾಗೆ ಒಂದು ಬಿಟ್ಟು ಒಂದು ಕೂತಿರುತ್ತವೆ. ಕಿರಣ ಬಡಿದಾಗ ಅಲ್ಲಲ್ಲಿ ಕ್ಲೋರಿನ್ ಇರಬೇಕಾದ ಜಾಗ ಖಾಲಿಯಾಗುತ್ತದೆ. ಬಿಡಿಯಾಗಿ ಅಲೆಯುವ ಒಂದು ಎಲೆಕ್ಟ್ರಾನ್ ಆ ಖಾಲಿ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕೂತ ಎಲೆಕ್ಟ್ರಾನ್ ಬೆಳಕಿನ ಒಂದು ಭಾಗವನ್ನು ಹೀರುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಹಸಿರು ಹಳದಿ ಭಾಗ ಹೀರಲ್ಪಡುವುದರಿಂದ ಉಳಿದದ್ದು ನೇರಳೆಯಾಗಿ ಕಾಣುತ್ತದೆ. ಬಿಸಿ ಮಾಡಿದರೆ ಎಲೆಕ್ಟ್ರಾನ್ ಬಿಡಿಸಿಕೊಂಡು ಹೋಗುತ್ತದೆ, ಹರಳು ಮತ್ತೆ ಬಿಳಿಯಾಗುತ್ತದೆ. ಜರ್ಮನ್ನರು ಇದಕ್ಕೆ ಬಣ್ಣದ ಕೇಂದ್ರ ಎಂದು ಹೆಸರಿಟ್ಟರು.

ಇದನ್ನು ಬ್ರೌನ್ ಟ್ಯೂಬಿನ ಪರದೆಯಾಗಿ ಬಳಸುವ ಉಪಾಯವನ್ನು 1930ರ ದಶಕದ ಕೊನೆಗೆ ಮುಂದಿಟ್ಟವರು ಲಂಡನ್ನಿನ ಸ್ಕೋಫನಿ ಕಂಪನಿಯಲ್ಲಿದ್ದ ಎ.ಎಚ್. ರೋಸೆಂಥಾಲ್. ಗಾಜಿನ ಒಳಮೈಗೆ ಪೊಟ್ಯಾಸಿಯಂ ಕ್ಲೋರೈಡಿನ ತೆಳುವಾದ ಬಿಳಿ ಪದರ; ಅದರ ಮೇಲೆ ಎಲೆಕ್ಟ್ರಾನ್ ಕಿರಣ ಕಪ್ಪು ನೇರಳೆ ಗೆರೆ ಎಳೆಯುತ್ತದೆ. ನೆರಳು ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಸ್ಕಿಯಾಟ್ರಾನ್ ಎಂದು ಹೆಸರು. ಮಾಮೂಲಿ ಟಿವಿ ನೋಡಲು ಕೋಣೆ ಕತ್ತಲಾಗಿದ್ದರೆ ಒಳ್ಳೆಯದು. ಇದಕ್ಕೆ ತದ್ವಿರುದ್ಧ, ಬೆಳಕು ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತದೆ, ಕಾಗದದ ಮೇಲಿನ ಬರಹದ ಹಾಗೆ. ಜೋರಾದ ದೀಪ ಹಾಕಿ ಚಿತ್ರವನ್ನು ದೊಡ್ಡ ಮೇಜಿನ ಮೇಲೂ ಬೀಳಿಸಬಹುದು.

ಇದು ಉಪಯೋಗಕ್ಕೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ರೇಡಾರಿನ ಆಂಟೆನಾ ಒಂದು ಸುತ್ತು ಬರಲು ಹಲವು ಸೆಕೆಂಡು ಬೇಕು. ಅಷ್ಟರಲ್ಲಿ ಮಾಮೂಲಿ ಪರದೆ ಹಿಂದಿನ ಚುಕ್ಕೆಯನ್ನು ಮರೆತುಬಿಡುತ್ತದೆ. ಸ್ಕಿಯಾಟ್ರಾನ್ ಮರೆಯುವುದಿಲ್ಲ. ವಿಮಾನ ಸಾಗಿದ ದಾರಿ ಚುಕ್ಕೆಯ ಹಿಂದೆ ಚುಕ್ಕೆಯಾಗಿ ಉಳಿಯುತ್ತದೆ. ಬ್ರಿಟನ್ನಿನಲ್ಲಿ ನೆಲದಿಂದ ಯುದ್ಧವಿಮಾನಗಳಿಗೆ ದಾರಿ ತೋರುವ ಕೋಣೆಗಳಲ್ಲಿ ಈ ಚಿತ್ರವನ್ನು ನಕ್ಷೆಯಿದ್ದ ಮೇಜಿನ ಮೇಲೆ ಬೀಳಿಸಿ, ಸುತ್ತ ನಿಂತು ನೋಡುತ್ತಿದ್ದರು. ಅಮೆರಿಕದಲ್ಲೂ ಇಂಥ ಟ್ಯೂಬುಗಳು ತಯಾರಾದವು.

ಕೊರತೆಯೂ ಇತ್ತು. ಬರೆದದ್ದನ್ನು ಅಳಿಸಲು ಬಿಸಿ ಮಾಡಬೇಕು, ಅದಕ್ಕೆ ಸಮಯ ಬೇಕು. ಎಷ್ಟು ಅಳಿಸಿದರೂ ಹಿಂದಿನದರ ಮಸುಕು ನೆರಳು ಉಳಿದು ಹೊಸ ಚಿತ್ರವನ್ನು ಕೆಡಿಸುತ್ತಿತ್ತು. ಯುದ್ಧದ ನಂತರ ಬೇರೆ ಉಪಾಯಗಳು ಬಂದು ಅದನ್ನು ಹಿಂದೆ ಹಾಕಿದವು. 1970ರ ದಶಕದ ಸುಮಾರಿಗೆ ಸೋಡಲೈಟ್ ಎಂಬ ಖನಿಜವನ್ನು ಹೋಲುವ ಪದಾರ್ಥಗಳಿಂದ ಮತ್ತೆ ಇಂಥ ಟ್ಯೂಬುಗಳನ್ನು ಮಾಡಿದರು. ಚಿತ್ರ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತಿತ್ತು. ಆದರೂ ಅದು ಮನೆಗಳಿಗೆ ಬರಲಿಲ್ಲ. ಅಷ್ಟರಲ್ಲಿ ನೆನಪಿನ ಕೆಲಸವನ್ನು ಪರದೆಯಿಂದ ಕಿತ್ತುಕೊಂಡು ಕಂಪ್ಯೂಟರಿನ ಮೆಮೊರಿ ಚಿಪ್ಪಿಗೆ ಕೊಡುವ ಕಾಲ ಬಂದಿತ್ತು. ಆ ಮೆಮೊರಿಗೂ ಬ್ರೌನ್ ಟ್ಯೂಬಿನ ನಂಟಿದೆ. 1948ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಫ್ರೆಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್‌ಬರ್ನ್ ಇದೇ ಟ್ಯೂಬಿನ ಮುಖದ ಮೇಲೆ ವಿದ್ಯುತ್ ಚುಕ್ಕೆಗಳಾಗಿ ಅಂಕಿಗಳನ್ನು ಕೂಡಿಟ್ಟರು. ಆ ಚುಕ್ಕೆಗಳೂ ಬೇಗ ಮಾಯವಾಗುತ್ತಿದ್ದವು, ಮತ್ತೆ ಮತ್ತೆ ಬರೆಯಬೇಕಿತ್ತು. ಇಂದು ನಿಮ್ಮ ಲ್ಯಾಪ್‌ಟಾಪಿನ ರ‍್ಯಾಮ್ ಮಾಡುವುದೂ ಅದನ್ನೇ. ಇದೇ ಮುಂಬಯಿಯ ಟಿಐಎಫ್‌ಆರ್‌ನಲ್ಲಿ 1960ರಲ್ಲಿ ಸಿದ್ಧವಾದ ಟಿಫ್ರ್ಯಾಕ್ ಕಂಪ್ಯೂಟರಿಗೂ ಫಲಿತಾಂಶ ತೋರಿಸಲು ಕ್ಯಾಥೋಡ್ ರೇ ಟ್ಯೂಬಿನ ಪರದೆ ಇತ್ತು.

ಇದಾವುದನ್ನೂ ಬ್ರೌನ್ ನೋಡಲಿಲ್ಲ. ಅವರ ಬದುಕು ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿದು ಮುಗಿದುಹೋಗಿತ್ತು.

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟನ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಸಮುದ್ರದಡಿಯ ಜರ್ಮನ್ ಟೆಲಿಗ್ರಾಫ್ ಕೇಬಲ್‌ಗಳನ್ನು ಕತ್ತರಿಸಿದ್ದು. ಅಮೆರಿಕದ ಜೊತೆ ಮಾತಾಡಲು ಜರ್ಮನಿಗೆ ಉಳಿದ ನೇರ ದಾರಿ ರೇಡಿಯೋ. ಬರ್ಲಿನ್ ಬಳಿಯ ನಾವೆನ್‌ನಿಂದ ಹೊರಟ ಸಂದೇಶವನ್ನು ನ್ಯೂಯಾರ್ಕ್ ಬಳಿಯ ಸೇವಿಲ್ ಕೇಂದ್ರ ಹಿಡಿಯುತ್ತಿತ್ತು. ಅದು ಟೆಲಿಫುಂಕನ್ ತಂತ್ರದ ಕೇಂದ್ರ. ಮಾರ್ಕೋನಿ ಕಂಪನಿ ಅದರ ಮೇಲೆ ಪೇಟೆಂಟ್ ದಾವೆ ಹೂಡಿತು. ದಾವೆ ಗೆದ್ದರೆ ಕೇಂದ್ರ ಮುಚ್ಚಬೇಕಾಗುತ್ತಿತ್ತು. ಬ್ರೌನ್ ಬಂದು ಸಾಕ್ಷಿ ಹೇಳಬೇಕೆಂದು ಕರೆ ಹೋಯಿತು.

ಆಗ ಅವರಿಗೆ 64 ವರ್ಷ, ಆರೋಗ್ಯವೂ ಸರಿಯಿರಲಿಲ್ಲ. ಸಮುದ್ರದಲ್ಲಿ ಬ್ರಿಟಿಷ್ ನೌಕಾಪಡೆಯ ತಡೆ. ಆದರೂ 1914ರ ಕೊನೆಗೆ ಅವರು ತ್ಸೆನೆಕ್ ಜೊತೆ ನ್ಯೂಯಾರ್ಕಿಗೆ ಹೊರಟರು. ಹದಿನೈದು ವರ್ಷ ಹಿಂದೆ ಟ್ಯೂಬಿನ ಗೆರೆಯನ್ನು ನೇರ ಮಾಡಿಕೊಟ್ಟ ಅದೇ ತ್ಸೆನೆಕ್.

ನಾವೂ ಹೀಗೆಯೇ ಹೊರಡುತ್ತೇವೆ. ಒಂದು ಪ್ರಾಜೆಕ್ಟ್ ಮುಗಿಯುವವರೆಗೆ, ಎರಡು ವರ್ಷದ ಮಟ್ಟಿಗೆ ಎಂದು ಮನೆಯಲ್ಲಿ ಹೇಳಿ. ನಮ್ಮ ಮತ್ತು ಊರಿನ ನಡುವೆ ಯುದ್ಧವೇನೂ ಇಲ್ಲ. ಮಕ್ಕಳ ಶಾಲೆ, ಮನೆಯ ಸಾಲದ ಕಂತು, ಮುಂದಿನ ಪ್ರಮೋಷನ್, ಇಷ್ಟೇ. ಆದರೂ ವರ್ಷಗಳು ಉರುಳುತ್ತವೆ.

1915ರ ಏಪ್ರಿಲ್‌ನಲ್ಲಿ ಮಾರ್ಕೋನಿಯೂ ಅದೇ ದಾವೆಗಾಗಿ ನ್ಯೂಯಾರ್ಕಿಗೆ ಬಂದರು. ಆರು ವರ್ಷ ಹಿಂದೆ ಒಂದೇ ಪ್ರಶಸ್ತಿಯನ್ನು ಹಂಚಿಕೊಂಡ ಇಬ್ಬರು ಈಗ ಒಂದೇ ದಾವೆಯ ಎರಡು ಬದಿಯಲ್ಲಿ. ಮೇ ತಿಂಗಳಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಮಾರ್ಕೋನಿ ತಮ್ಮ ದೇಶಕ್ಕೆ ಮರಳಿದರು. ವಿಚಾರಣೆ ಮುಂದಕ್ಕೆ ಹೋಯಿತು. ಜುಲೈನಲ್ಲಿ ಅಮೆರಿಕದ ನೌಕಾಪಡೆ ಸೇವಿಲ್ ಕೇಂದ್ರವನ್ನೇ ವಶಕ್ಕೆ ತೆಗೆದುಕೊಂಡಿತು. ಯಾವ ಕೇಂದ್ರವನ್ನು ಉಳಿಸಲು ಬ್ರೌನ್ ಬಂದಿದ್ದರೋ ಅದು ಕೈಬಿಟ್ಟುಹೋಗಿತ್ತು.

ಆದರೆ ಬ್ರೌನ್‌ಗೆ ಮರಳುವ ದಾರಿ ತೆರೆಯಲಿಲ್ಲ. ಸಮುದ್ರದ ತಡೆ ಬಿಗಿಯಾಗಿತ್ತು, ಕಾಯಿಲೆಯ ದೇಹಕ್ಕೆ ಇನ್ನೊಂದು ಪ್ರಯಾಣ ಕಷ್ಟವಿತ್ತು. ಬ್ರೂಕ್ಲಿನ್‌ನಲ್ಲಿದ್ದ ಮಗನ ಮನೆಯಲ್ಲಿ ಉಳಿದರು. 1917ರ ಏಪ್ರಿಲ್ 6ರಂದು ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದಾಗ, ಅವರು ಶತ್ರುದೇಶದ ಪ್ರಜೆಯಾದರು. ತ್ಸೆನೆಕ್ ಅವರನ್ನು ಬಂಧನದಲ್ಲಿಟ್ಟರು. ವಯಸ್ಸಾದ, ಕಾಯಿಲೆಯ ಬ್ರೌನ್ ಮನೆಯಲ್ಲೇ ಇರಲು ಸಾಧ್ಯವಾಯಿತು. ಪ್ರಯೋಗಾಲಯ ಇಲ್ಲ, ಶಿಷ್ಯರಿಲ್ಲ. ಹೊಸ ಸಂಶೋಧನೆ ಯಾವುದೂ ಅಲ್ಲಿಂದ ಹೊರಬರಲಿಲ್ಲ. 1918ರ ಏಪ್ರಿಲ್ 20ರಂದು ಅವರು ಅಲ್ಲೇ ತೀರಿಕೊಂಡರು. 68 ತುಂಬಲು ಇನ್ನೂ ಕೆಲವು ವಾರ ಬಾಕಿಯಿತ್ತು.

ಇನ್ನು ಏಳು ತಿಂಗಳು ಕಳೆದಿದ್ದರೆ ಯುದ್ಧ ಮುಗಿಯುತ್ತಿತ್ತು. ಆದರೆ ಅವರು ಮರಳಬೇಕಾಗಿದ್ದ ಸ್ಟ್ರಾಸ್‌ಬುರ್ಗ್ ಆ ನವೆಂಬರಿನಲ್ಲೇ ಫ್ರಾನ್ಸಿಗೆ ಸೇರಿಹೋಯಿತು. ಇಪ್ಪತ್ತು ವರ್ಷ ತಾವು ನಡೆಸಿದ ಸಂಸ್ಥೆಯಲ್ಲಿ ಅವರಿಗೆ ಜಾಗ ಇರುತ್ತಿರಲಿಲ್ಲ. ಬದುಕಿದ್ದರೂ ಹಳೆಯ ಮನೆಗೆ ಹೋಗಲಾಗುತ್ತಿರಲಿಲ್ಲ. ಯುದ್ಧದ ನಂತರ ಅವರ ಅಸ್ಥಿಯನ್ನು ಹುಟ್ಟೂರು ಫುಲ್ಡಾಕ್ಕೆ ಒಯ್ದು ಮಣ್ಣು ಮಾಡಿದರು.

ಈ ಬದುಕಿನ ಲೆಕ್ಕ ಹಾಕುವಾಗ ನನ್ನನ್ನು ಕಾಡುವುದು ಎರಡು ಪೇಟೆಂಟ್‌ಗಳು, ಒಂದು ತೆಗೆದುಕೊಂಡದ್ದು, ಒಂದು ತೆಗೆದುಕೊಳ್ಳದೇ ಇದ್ದದ್ದು. ಕಾಯ್ದುಕೊಂಡ ರೇಡಿಯೋ ಪೇಟೆಂಟ್ ಅವರಿಗೆ ನೊಬೆಲ್ ತಂದಿತು, ಕಂಪನಿ ಕಟ್ಟಿತು, ಕೊನೆಗೆ ಸಮುದ್ರದಾಚೆ ಕರೆದೊಯ್ದು ಬಿಟ್ಟುಬಂದಿತು. ಕಿಡಿ ಹಾರಿಸುವ ಆ ಯಂತ್ರಗಳು ಅವರು ಸತ್ತ ಕೆಲವೇ ವರ್ಷಗಳಲ್ಲಿ ಹಳತಾಗಿ ಹೋದವು. ಬೆಲೆ ಕಟ್ಟದೆ ಬಿಟ್ಟುಕೊಟ್ಟ ಟ್ಯೂಬು ನೂರು ವರ್ಷ ಬಾಳಿತು. ನಮ್ಮ ಕಚೇರಿಗಳಲ್ಲಿ ಕೋಡಿನ ಒಂದೊಂದು ಸಾಲೂ ಯಾರದು ಎಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು ತಪ್ಪು ಎನ್ನುವಷ್ಟು ಸರಳ ಅಲ್ಲ ವಿಷಯ. ಸಂಬಳ ಬರುವುದೇ ಅದರಿಂದ. ಆದರೂ ಸಹಿ ಹಾಕುವಾಗ ಬ್ರೌನ್ ಒಮ್ಮೆ ನೆನಪಿಗೆ ಬರುತ್ತಾರೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ಹಿಂದಿನ ಸಂಜೆ ಕಾಕಾಗೆ ಇದನ್ನೆಲ್ಲ ನನಗೆ ಬಂದ ಹಾಗೆ ಹೇಳಿದೆ. ಉಪ್ಪಿನ ಪರದೆಯ ಸಂಗತಿ ಅವರಿಗೆ ಬಹಳ ಹಿಡಿಸಿತು. ಆಮೇಲೆ ಅವರು ತಮ್ಮ ಮೊದಲ ಟಿವಿಯ ಕತೆ ತೆಗೆದರು. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಎಂಬ ಪ್ರಯೋಗ ನಡೆಯಿತಲ್ಲ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ. ನಮ್ಮ ರಾಜ್ಯದಲ್ಲಿ ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಅದು ಬಂದಿತ್ತು. ಕೋಳಿಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿ, ಶಾಲೆಯ ಮುಂದೆ ಒಂದು ಪೆಟ್ಟಿಗೆ, ಅದರ ಮುಂದೆ ಇಡೀ ಊರು. ಹುಡುಗನಾಗಿದ್ದ ಕಾಕಾ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದರಂತೆ. ವರ್ಷ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಏನೂ ಬರಲಿಲ್ಲ. ಆದರೂ ಎಷ್ಟೋ ದಿನ ಸಂಜೆ ಹುಡುಗರು ಹೋಗಿ ಖಾಲಿ ಪರದೆಯ ಮುಂದೆ ಕೂರುತ್ತಿದ್ದರಂತೆ.

ಮರುದಿನ ಅವರನ್ನು ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹತ್ತಿಸಿದೆ. ರಾಯಚೂರಿನಲ್ಲಿ ಇಳಿದು ಬಸ್ಸು ಹಿಡಿದು ಊರು ಸೇರಿದ ಮೇಲೆ ಫೋನ್ ಮಾಡಿದರು. ಯಾವಾಗ ಬರುತ್ತೀ ಎಂದು ಕೇಳಿದರು. ಈ ಪ್ರಾಜೆಕ್ಟ್ ಮುಗಿಯಲಿ ಕಾಕಾ ಅಂದೆ. ಫೋನ್ ಇಟ್ಟ ಮೇಲೆ ಕ್ಯಾಲೆಂಡರ್ ತೆಗೆದು, ಅವತ್ತೇ ಟಿಕೆಟ್ ಮಾಡಿಸಿದೆ.